ಬರಿಗೈಲಿ ಬಂದ ವರ

“ಆ ಕಡೆ ಸರೀರಿ... ಮೆಲ್ಲಗ!”

ಮೊಣಕಾಲುದ್ದ ನೀರಿನಲ್ಲಿ ಬೀಸುಬಲೆ ಹಿಡಿದು ನಿಂತವನು ಪಿಸುಗುಟ್ಟಿದ. ದಡದ ಬಂಡೆಯ ಮೇಲಿದ್ದ ಗಾಳೆಮ್ಮ ಗಾಬರಿಯಿಂದ ಸರಿದಳು.

ಮರುಕ್ಷಣ ಬಲೆ ಗಾಳಿಯಲ್ಲಿ ದುಂಡಗೆ ಅರಳಿ, ಸದ್ದಿಲ್ಲದೆ ತುಂಗಭದ್ರೆಯ ಮೇಲೆ ಇಳಿಯಿತು. ಅಬ್ಬಾ! ಯಲಬುರ್ಗಾದ ಎರೆಹೊಲಗಳಲ್ಲಿ ಬೆಳೆದವಳು, ನೀರನ್ನು ಇಷ್ಟು ನಯವಾಗಿ ಮುಟ್ಟುವ ಗಂಡಸನ್ನು ಕಂಡೇ ಇರಲಿಲ್ಲ.

“ನೆರಳು ಬಿದ್ರ ಮೀನ ಓಡತಾವು,” ಅವನು ನಕ್ಕ. “ಯಾರ ಮನಿಗೆ ಬಂದೀರಿ?”

“ದುರಗಮ್ಮತ್ತಿ ಮನಿಗೆ.”

ಅವನ ಕೈಯಿಂದ ಬಲೆಯ ಹಗ್ಗವೇ ಜಾರಿತು! ಕಿವಿ ಕೆಂಪಾದವು. ಆಗಲೇ ಅವಳಿಗೆ ತಿಳಿಯಿತು... ಅತ್ತೆ ತನಗಾಗಿ ನೋಡಿದ್ದ ವರ ಹುಲಿಗೆಪ್ಪ ಇವನೇ!

ನಿಜಾಮರ ಆಳ್ವಿಕೆಯ ದಿನಗಳವು. ಗಂಗಾವತಿ ಸೀಮೆಯ ಆ ಹೊಳೆದಂಡೆಯ ಊರಲ್ಲೊಂದು ಪದ್ಧತಿಯಿತ್ತು. ಹುಡುಗಿ ಒಪ್ಪಿಗೆಯಾದರೆ ವರ ತಾನೇ ಹಿಡಿದ ಮೀನನ್ನು ಅವಳ ಬಾಗಿಲಿಗೆ ತರಬೇಕು. ಬರಿಗೈಲಿ ಬಂದರೆ ಒಲ್ಲೆ ಎಂದಂತೆ.

ಮೂರನೆಯ ದಿನ ಮುಂಗಾರಿನ ಮಿರಗದ ಮಳೆಗೆ ಹೊಳೆ ಕೆಂಪಾಯಿತು. ಹುಲಿಗೆಪ್ಪ ತೊಯ್ದು ತೊಪ್ಪೆಯಾಗಿ ಬಂದ. ಕೈಯಲ್ಲಿ ಏನೂ ಇಲ್ಲ!

“ನಮ್ಮ ಹುಡುಗಿ ಬ್ಯಾಡಾದ್ಲೇನಲೇ?” ಅತ್ತೆಯ ಗಂಡ ಪಕ್ಕೀರಪ್ಪ ಗುಡುಗಿ, ಅವನು ಬಾಯಿ ತೆರೆಯುವಷ್ಟರಲ್ಲಿ ಕದ ಹಾಕಿದ. “ನಾಳೆ ಬಂಡಿ ಹೂಡತೀನಿ. ಇಕಿನ್ನ ಊರಿಗೆ ಬಿಟ್ಟು ಬರ್ತೀನಿ.”

ಹಾಗಾದರೆ ಆ ನಗು? ಆ ಕೆಂಪಾದ ಕಿವಿ? ಎಲ್ಲಾ ಸುಳ್ಳೇ?

ಗಾಳೆಮ್ಮ ಕೊಡ ಎತ್ತಿಕೊಂಡು ಹಿತ್ತಲಿನಿಂದ ಹೊಳೆಗೆ ಓಡಿದಳು. ಅವನು ದಡದಲ್ಲಿ ಕುಸಿದು ಕೂತಿದ್ದ.

“ನಾ ನಿಮಗ ಸೇರಲಿಲ್ಲಂದ್ರ ನನ್ನ ಮುಂದ ಹೇಳಬೇಕಿತ್ತು!”

“ಸಿಕ್ಕಿತ್ತು ಗಾಳೆಮ್ಮಾ... ತೋಳಿನಷ್ಟುದ್ದ ಬಾಳಿಮೀನ. ಹೊಟ್ಟಿ ಮುಟ್ಟಿದೆ, ತುಂಬ ತತ್ತಿ ಇದ್ದವು. ಮರಿ ಮಾಡಾಕ ಹೊಸ ನೀರಿಗೆ ಏರಿ ಬಂದಿತ್ತು. ನಿನ್ನ ಬಾಗಲಕ ಅದನ್ನ ಕೊಂದು ಹ್ಯಾಂಗ ತರಲಿ? ಬಿಟ್ಟೆ.”

“ಸಣ್ಣದೊಂದು ಹಿಡೀಬಾರದಾ?”

“ಅಷ್ಟರಾಗ ಹೊಳಿ ಏರಿತು. ಹೇಳಿದ್ರಾತು ಅಂತ ಓಡಿ ಬಂದೆ. ನಿಮ್ಮ ಮಾವ ಹೇಳಾಕ ಬಿಟ್ರ ತಾನ!”

ಅವಳ ಕಣ್ಣು ತುಂಬಿತು. ಅಜ್ಜಿಯ ಕಥೆಗಳಲ್ಲಿ ಹುಲಿ ಕೊಂದ ರಾಜಕುಮಾರರಿದ್ದರು, ರಾಕ್ಷಸನನ್ನು ಸೀಳಿದವರಿದ್ದರು. ಮೀನಿನ ಬಸಿರಿಗಾಗಿ ತನ್ನ ಮದುವೆಯನ್ನೇ ಪಣಕ್ಕಿಟ್ಟವನು ಒಬ್ಬನೂ ಇರಲಿಲ್ಲ!

ಅವಳು ಅವನ ಮಣಿಕಟ್ಟು ಹಿಡಿದು ನೇರ ಅಂಗಳಕ್ಕೆ ಎಳೆತಂದಳು. “ಮಾವಾ, ಕೈ ಬರಿದೈತಿ, ಮನಸ್ಸಲ್ಲ. ತತ್ತಿಮೀನಂತ ಬಿಟ್ಟು ಬಂದಾರ. ನನಗ ಇವರ ಬೇಕು!”

ಮೀನು ಹಿಡಿದೇ ಮುಪ್ಪಾದ ಪಕ್ಕೀರಪ್ಪ ಹಾಕಿದ್ದ ಕದವನ್ನು ಪೂರಾ ತೆರೆದ. “ತತ್ತಿಮೀನ ಬಿಟ್ಟವಗ ಏನಂತ ಬೈಲಿ?” ಎಂದು ಗೊಣಗಿದ. “ದುರಗಮ್ಮಾ, ಮೀನಂತೂ ಇಲ್ಲ. ಬ್ಯಾಳಿ ಇಡು, ಅಳಿಯ ಉಣ್ಣಲಿ.”

ಅತ್ತೆ ಸೆರಗಿನಲ್ಲಿ ನಗು ಮುಚ್ಚಿ ಒಳಗೆ ಹೋದಳು.

“ನನಗ ಹೊಳಿ ಅಂದ್ರ ಅಂಜಿಕಿರಿ,” ಗಾಳೆಮ್ಮ ಮೆಲ್ಲಗೆ ಹೇಳಿದಳು.

“ಮೊದಲ ಪಾದ ಮುಳುಗೂವಷ್ಟು ನೀರಾಗ ನಿಲ್ಲೂಣು.”

“ನೀವು ಬಾಜೂಕ ಇರ್ತೀರಲ್ಲ?”

“ನಿನ್ನ ಬಿಟ್ಟು ನಾ ಎಲ್ಲಿಗೆ ಹೋಗ್ಲಿ?”