ಗಂಧರಾಜದ ಬುಡಕ್ಕೆ ಸುರಿದ ನೀರು

"ಈ ಗಿಡ ಹೂವಾಗಲಿ, ಆಮ್ಯಾಲ ಹೇಳ್ತೀನ್ರಿ."

ಸಂಕ್ರಾಂತಿಯ ದಿನ ಸಂಗನಬಸವ ಮದುವೆಯ ಮಾತೆತ್ತಿದಾಗ ಅನುರಾಧಾಳ ಬಾಯಿಗೆ ಬಂದದ್ದು ಅಷ್ಟೇ. ಬೇಡವೆನ್ನಲು ಮನಸ್ಸಿರಲಿಲ್ಲ, ಹೂಂ ಎನ್ನಲು ಧೈರ್ಯವಿರಲಿಲ್ಲ. ಒಮ್ಮೆ ಸಂಸಾರ ಹೂಡಿ, ಅದು ಮುರಿದು, ವಿಜಯಪುರದ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ನರ್ಸಾಗಿ ದಿನ ನೂಕುತ್ತಿದ್ದವಳಿಗೆ ಆಸೆಪಡುವುದೂ ಒಂದು ದಣಿವಾಗಿತ್ತು.

ಸಂಗನಬಸವ ಅವಳು ಬಾಡಿಗೆಗಿದ್ದ ಮನೆಯ ಒಡತಿ ಕಾಶಿಬಾಯಿಯ ಮಗ. ಹೆಂಡತಿ ತೀರಿಕೊಂಡವನು, ತಿಕೋಟಾದಲ್ಲಿ ಅರಿವೆ ಅಂಗಡಿ ಇಟ್ಟವನು. ದಿನಾ ಲಿಂಗಪೂಜೆ ಮುಗಿಸಿ, ತಾಯಿಯ ಅಂಗೈಗೆ ತೀರ್ಥ ಹಾಕಿಯೇ ಬಸ್ ಹಿಡಿಯುವನು.

ಗಂಧರಾಜದ ಗಿಡವನ್ನು ಬೆಳಗಾವಿಯ ಅಕ್ಕ ಕೊಟ್ಟಿದ್ದಳು. "ಭಾಳ ನಾಜೂಕ ಐತಿ. ಸವಳ ನೀರು ಹಾಕಬ್ಯಾಡ. ಸುಣ್ಣ, ಬೂದಿ ಅಂತೂ ಸೋಕಿಸಬ್ಯಾಡ" ಎಂದಿದ್ದಳು. ಚಳಿಗೆ ಒಳಗೆ ಎತ್ತಿಟ್ಟು, ಬಿಸಿಲೇರಿದಂತೆ ಮುಂಗಟ್ಟೆಯಲ್ಲಿ ಹಳೆಯ ಸೀರೆಯ ಮರೆ ಕಟ್ಟಿ, ನಳದ ಸಿಹಿನೀರು ಉಳಿಸಿ ಅನುರಾಧಾ ಅದನ್ನು ಸಾಕಿದಳು.

ಅವನು ಹೋಗುವಾಗ ಕುಂಡವನ್ನೊಮ್ಮೆ ನೋಡಿ, ಆಮೇಲೆ ಅವಳನ್ನು ನೋಡುವನು. ನರ್ಸೆಂಬ ಗೌರವಕ್ಕೆ ಅವಳನ್ನು 'ಬಾಯಾರ' ಎಂದೇ ಕರೆಯುವನು.

"ಬಾಯಾರ, ಮೊಗ್ಗಿ ಎಲ್ಲಿಗೆ ಬಂತ್ರಿ?"

"ಅದೇನ್ ಬಸ್ಸೇನ್ರಿ, ಟೈಮಿಗೆ ಬರಾಕ?"

"ತಿಕೋಟಾ ಬಸ್ಸೂ ಟೈಮಿಗೆ ಬರಂಗಿಲ್ರಿ. ಆದ್ರೂ ಕಾಯ್ತೀನಲ್ಲ."

ಅವಳು ನಗು ಅಡಗಿಸಲು ಎಲೆ ಒರೆಸುವಳು.

ಯುಗಾದಿಯ ಹೊತ್ತಿಗೆ ಆ ಎಲೆಗಳು ಹಳದಿಗಟ್ಟಿದವು. ಬಂದ ಒಂದೇ ಮೊಗ್ಗು ಕಂದಾಗಿ ಉದುರಿತು. ಅದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ಕುಳಿತಳು. ಶಿವನೇ ಬೇಡವೆಂದ ಮೇಲೆ ಈ ಅಂಗಳದಲ್ಲಿ ತನಗೇನು ಕೆಲಸ? ಆಸ್ಪತ್ರೆಯ ಕ್ವಾರ್ಟರ್ಸ್‌ಗೆ ಹೋಗುವುದೆಂದು ನಿಶ್ಚಯಿಸಿದಳು.

ಮರುದಿನ ಬೆಳಿಗ್ಗೆ ಪಾಳಿ ಬದಲಿಸುವ ನರ್ಸ್ ನಿಖತ ಡ್ಯೂಟಿಗೆ ಬೇಗ ಬಂದಳು. ಅನುರಾಧಾ ಎಂದಿಗಿಂತ ಮೊದಲೇ ಮನೆ ಮುಟ್ಟಿದಳು.

ಕಟ್ಟೆಯ ಮೇಲೆ ಸಂಗನಬಸವ. ಒದ್ದೆ ಕೂದಲು, ಕೈಯಲ್ಲಿ ಹಿತ್ತಾಳೆ ತಂಬಿಗೆ. ಕಣ್ಣು ಮುಚ್ಚಿ ಏನೋ ಗುನುಗುತ್ತ ಕುಂಡಕ್ಕೆ ಬೆಳ್ಳನೆಯ ನೀರು ಹನಿಸುತ್ತಿದ್ದ.

"ಏನ್ ಹಾಕಾಕತ್ತೀರಿ?"

ಬೆಚ್ಚಿಬಿದ್ದ. "ಲಿಂಗಪೂಜಿ ನೀರ್ರಿ. ತುಳಿಯೂ ಜಾಗಾದಾಗ ಚೆಲ್ಲಬಾರದಲ್ಲ, ಮೊದಲ ಬೇವಿನ ಬುಡಕ ಹಾಕ್ತಿದ್ದೆ. ನೀವು ಹಂಗ ಅಂದ ದಿನದಿಂದ ಇದಕ್ಕ ಹಾಕಾಕತ್ತೀನಿ. ಲಗೂ ಹೂವಾಗಲಿ ಅಂತ ವಿಭೂತಿನೂ ಚೂರು ಹೆಚ್ಚಿಗಿ ಕಲಸಿ..."

ಅನುರಾಧಾ ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ನಗು ಬಂತು, ಅದರ ಬೆನ್ನಿಗೇ ಕಣ್ಣೀರೂ.

"ಅಯ್ಯ ಶಿವನ! ವಿಭೂತಿ ಅಂದ್ರ ಬೂದಿನ ಅಲ್ಲೇನ್ರಿ? ಈ ಗಿಡಕ್ಕ ಅದ ವಿಷ."

ಅವನ ಮುಖ ಇಳಿಯಿತು. "ಅಂದ್ರ ಮೊಗ್ಗಿ ಕೊಂದಾಂವ ನಾನ?"

"ನೀವ."

ಒಳಗಿನಿಂದ ಕಾಶಿಬಾಯಿ ಕೂಗಿದಳು: "ಲೇ ಸಂಗಣ್ಣಾ, ಗಿಡದ ಮುಂದ ಎಷ್ಟೊತ್ತು ನಿಂದರ್ತಿ? ಚಾ ಆರಾಕತ್ತೈತಿ!"

ಹಳದಿ ಎಲೆಗಳ ಮೇಲೆ ವಿಭೂತಿಯ ಹನಿ ಒಣಗುತ್ತಿತ್ತು. ತನಗಾಗಿ ಒಂದು ಜೀವ ಬೆಳಗಿನಲ್ಲೆದ್ದು ಬೇಡಿಕೊಂಡು ಎಷ್ಟು ಕಾಲವಾಗಿತ್ತು! ಆ ಬೇಡಿಕೆಯನ್ನೇ ಅವಳು ದೇವರ ಮುನಿಸು ಎಂದು ಓದಿದ್ದಳು.

ಎದ್ದು ಕೈ ತೊಳೆದು ಬಂದಳು. ಎಡಗೈಯ ಮೇಲೆ ಬಲಗೈಯಿಟ್ಟು ಒಡ್ಡಿದಳು.

"ತಂಬಿಗ್ಯಾಗ ಉಳದದ್ದು ಇಲ್ಲಿ ಹಾಕ್ರಿ."

"ಬಾಯಾರ, ಈ ತೀರ್ಥಾ ಮನಿಯವರಿಗಷ್ಟ ಕೊಡೂದ್ರಿ..."

"ಗೊತ್ತೈತಿ. ಅದಕ್ಕ ಕೇಳಾಕತ್ತೀನಿ."

"ಗಿಡಾ ಇನ್ನೂ ಹೂವಾಗಿಲ್ಲಲ್ರಿ?"

"ಅದು ಆದಾಗ ಆಗಲಿ. ನಾ ದಣದೀನ್ರಿ, ಇನ್ನ ಕಾಯಸಬ್ಯಾಡ್ರಿ."

ಅವನು ತಂಬಿಗೆ ಬಗ್ಗಿಸಿದ. ನೀರು ಅಂಗೈ ತುಂಬಿ ಅವಳ ಮಣಿಕಟ್ಟಿನಗುಂಟ ಇಳಿಯಿತು. ಕುಡಿದು, ಒದ್ದೆ ಅಂಗೈಯನ್ನು ಕಣ್ಣಿಗೊತ್ತಿಕೊಂಡಳು.

"ಇನ್ನ ಬಾಯಾರ ಅನಬ್ಯಾಡ್ರಿ."

ಅವನು ಕುಂಡವನ್ನೊಮ್ಮೆ ನೋಡಿ, ಆಮೇಲೆ ಅವಳನ್ನು ನೋಡಿದ.

"ಅನುರಾಧಾ," ಎಂದ, "ಚಾ ಆರಾಕತ್ತೈತಿ. ಒಳಗ ಬಾ."