ನೂರು ಮಾಳಿಂಗರ ಕಿವಿಯಲ್ಲಿ ಕುರ್ರ್

ಬೆಟ್ಟಗಳಿಗೂ ಬಾಯಿ ಇದ್ದ ಕಾಲದಲ್ಲಿ, ಸಿಡಿಗಲ್ಲು ಎಂಬ ರಾಜ್ಯದಲ್ಲಿ, ಮಾಳಿಂಗ ಎಂಬ ಕುರುಬರ ತರುಣನಿದ್ದ. ಎಂಥ ತರುಣ ಅಂತೀರಿ! ಅವನು ಕೋಡು ಹಿಡಿದರೆ ಟಗರು ಮಂಡಿಯೂರಬೇಕು, ಅವನ ಕೆಮ್ಮು ಕೇಳಿದರೆ ತೋಳ ದಾರಿ ಬದಲಿಸಬೇಕು. ಇದನ್ನು ಊರವರು ಹೇಳುತ್ತಿರಲಿಲ್ಲ, ಅವನೇ ಹೇಳುತ್ತಿದ್ದ. ಆದರೆ ಸುಳ್ಳೇನೂ ಅಲ್ಲ.

ಆ ರಾಜ್ಯದ ಅರಸ ಮಲ್ಲರಸನಿಗೆ ಒಂದೇ ಚಿಂತೆ. ಅರಮನೆಯ ಮೂಡಣಕ್ಕೆ ಒಂದು ಗುಡ್ಡ. ಊರಿನ ಎಮ್ಮೆಗಳೆಲ್ಲ ಸೂರ್ಯನನ್ನು ಕಂಡು ಎಷ್ಟೋ ಹೊತ್ತಾದ ಮೇಲೆ ಅರಸನಿಗೆ ಕಾಣಬೇಕು. "ಗುಡ್ಡ ಎತ್ತಿ ಆಚೆ ಇಡಿ" ಎಂದ. ಯಾರು ಇಟ್ಟಾರು? ಆಗ "ನಾ ಇಡ್ತೀನಿ" ಎಂದು ಬಂದ ಇಮ್ಮಡಯ್ಯನೆಂಬ ಮಾಂತ್ರಿಕ. ಅವನಿಗೆ ಒಂದು ಕೂದಲು ಸಿಕ್ಕರೆ ಸಾಕು, ಆ ಕೂದಲಿನ ಒಡೆಯನನ್ನೇ ಇನ್ನೊಮ್ಮೆ ಮಾಡಿ ನಿಲ್ಲಿಸುತ್ತಿದ್ದ. ಕುರಿಯ ಕೂದಲಿಗೆ ಕುರಿ, ಮನುಷ್ಯನ ಕೂದಲಿಗೆ ಮನುಷ್ಯ. ಹೀಗೆ ತನ್ನನ್ನೇ ಏಳು ಸಲ ಮಾಡಿಕೊಂಡು ಏಳು ಆಯುಷ್ಯ ಬದುಕಿದ್ದ.

ಇಮ್ಮಡಯ್ಯ ಸಂತೆಗೆ ಬಂದಾಗ ಮಾಳಿಂಗ ಕಂಬಳಿ ಮಾರುವ ಕಟ್ಟೆಯ ಮೇಲೆ ನಿಂತು, "ನನ್ನಂಥವ ಇನ್ನೊಬ್ಬ ಹುಟ್ಟಿಲ್ಲ!" ಎಂದು ಕೂಗುತ್ತಿದ್ದ.

"ಹೌದೇನು ತಮ್ಮಾ?" ಎಂದ ಇಮ್ಮಡಯ್ಯ. "ಒಂದು ಕೂದಲು ಕೊಡು, ನೋಡೋಣು."

"ಒಂದ್ಯಾಕ? ಹಿಡಿ ತಗೋ!" ಎಂದು ಮಾಳಿಂಗ ತನ್ನ ಜುಟ್ಟಿಗೇ ಕೈ ಹಾಕಿ ಕಿತ್ತು ಕೊಟ್ಟ. ಆ ಹಿಡಿಯಲ್ಲಿ ನೂರು ಕೂದಲಿದ್ದವು.

ಮರುದಿನ ಅವನಿಗೆ ಏಳಲು ಆಗಲಿಲ್ಲ. ಭುಜ ಕಿತ್ತುಬರುವಂತೆ ನೋವು, ಸೊಂಟ ಸೆಟೆದು ಹೋಗಿದೆ. ಮಾಡಿದ ಕೆಲಸವೇನು? ಏನೂ ಇಲ್ಲ. ನಾಲ್ಕನೆಯ ದಿನಕ್ಕೆ ಕಂಬಳಿಯೂ ಭಾರವಾಯಿತು. ಅವನನ್ನು ಸಾಕಿ ಬೆಳೆಸಿದವಳು ಸೋದರತ್ತೆ ಲಗಮವ್ವ. ಅವಳು ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲ.

"ಏನಾಗೇತೋ ನಿನಗ?"

"ಅತ್ತೀ, ಯಾರೋ ನನ್ನ ಮೈಯಾಗ ಕುಂತು ಕಲ್ಲು ಹೊರಾಕತ್ತಾರ."

ಅಷ್ಟರಲ್ಲಿ ಉಣ್ಣೆಯ ವ್ಯಾಪಾರಿ ಬಂದು, "ಮಾಳಿಂಗಾ, ಗುಡ್ಡದ ಹತ್ರ ನಿನ್ನ ಕಂಡ್ನೆಪಾ, ಒಂದೇ ಕಡೆ ನೂರು ಸಲ" ಎಂದ. ಮಾಳಿಂಗ ಕೋಲು ಊರಿಕೊಂಡು ಹೊರಟ.

ಗುಡ್ಡದ ಸುತ್ತ ಕಟ್ಟಿದ ಬೇಲಿಯ ಬಾಗಿಲಲ್ಲಿ ಮೂರು ಹುಲಿಗಳು, ಪಟ್ಟೆಗೆ ಪಟ್ಟೆ ಒಂದೇ. ಮಾಳಿಂಗ ಎದೆ ಉಬ್ಬಿಸಿದ. "ನಾ ಯಾರಂತ ತಿಳಿದೀರಿ?"

ಒಂದು ಹುಲಿ ಒಂದೇ ಕಣ್ಣು ತೆರೆಯಿತು. "ಯಾರರ ಆಗು. ಒಳಗ ಹೋಗು."

"ಕಾದಾಡೂದಿಲ್ಲೇನು?"

"ಒಂದು ಮುದಿ ಹುಲಿಯ ಕೂದಲಿಂದ ಮಾಡ್ಯಾನಪ್ಪ ನಮ್ಮನ್ನ. ಹೋದ ವಾರ ಹುಟ್ಟೀವಿ, ಹಲ್ಲು ಆಗಲೇ ಸವೆದಾವು." ಎರಡನೆಯದು ಆಕಳಿಸಿತು. "ಕೂದಲಿಂದ ಮಾಡಿದವರು ದುಡಿದರ ಮೂಲದವನೂ ದಣೀತಾನ. ನಮ್ಮ ಮೂಲದ ಹುಲಿ ಸತ್ತೈತಿ, ಅದಕ್ಕ ದಣಿವೆಲ್ಲ ನಮ್ಮಲ್ಲೇ ಉಳಿದೈತಿ. ನಿನಗ ತಿಳೀತಿಲ್ಲೋ?"

ಮಾಳಿಂಗನಿಗೆ ತಿಳಿಯಿತು. ಹುಲಿಯ ಜೊತೆ ಸೆಣಸಿ ಗೆದ್ದೆನೆಂದು ಊರಲ್ಲಿ ಹೇಳಲಾಗದ್ದಕ್ಕೆ ಸ್ವಲ್ಪ ಬೇಸರವೂ ಆಯಿತು.

ಒಳಗೆ ನೂರು ಮಾಳಿಂಗರು ಗುಡ್ಡವನ್ನು ಅಗೆದು ಬುಟ್ಟಿಯಲ್ಲಿ ಹೊರುತ್ತಿದ್ದರು. ತನ್ನ ಮುಖ ಚೆಂದವೆಂದೇ ಅವನು ತಿಳಿದಿದ್ದ. ಅದೇ ಮುಖ ನೂರು ಸಲ, ಧೂಳು ಮೆತ್ತಿ, ಬಾಯಿ ತೆರೆದು ಉಸಿರು ಎಳೆಯುವುದನ್ನು ನೋಡಲಾಗಲಿಲ್ಲ.

"ಬಂದೀ?" ಎಂದ ಇಮ್ಮಡಯ್ಯ, ಒಂದು ಕತ್ತಿ ಮುಂದೆ ಹಿಡಿದು. "ಇನ್ನು ಎಂಟು ದಿನ ಇವರು ದುಡಿದರ ನೀ ಸಾಯ್ತಿ. ಬದುಕಬೇಕಂದ್ರ ಇವರನ್ನ ಕಡಿ. ನನಗೇನು, ಇನ್ನೊಬ್ಬರ ಕೂದಲು ತರ್ತೀನಿ."

"ಮನುಷ್ಯಾರನ್ನ ಕಡಿಯೂದೇನು?"

"ಮನುಷ್ಯಾರಲ್ಲೋ, ನಿನ್ನ ಕೂದಲು. ಕೂದಲು ಕತ್ತರಿಸೂದು ಪಾಪೇನು? ಕ್ಷೌರ!"

ಮಾಳಿಂಗ ಕತ್ತಿ ಎತ್ತಿದ. ಸುಳ್ಳು ಯಾಕೆ, ಎತ್ತಿಯೇ ಎತ್ತಿದ. ದಣಿದು ದಣಿದು ಅಷ್ಟು ಸಾಕಾಗಿ ಹೋಗಿತ್ತು ಅವನಿಗೆ. ಎದುರಿಗಿದ್ದವನು ಕತ್ತು ಬಾಗಿಸಿ, "ಬೇಗ ಕಡಿಯಪಾ, ನಿಂತು ನಿಂತು ಕಾಲು ಹೋಗ್ಯಾವ" ಎಂದ. ಹಾಗೆ ಅನ್ನುತ್ತ ಎಡಗಿವಿ ತುರಿಸಿಕೊಂಡ. ಹೆದರಿದಾಗ ಮಾಳಿಂಗನೂ ಹೀಗೇ ಎಡಗಿವಿ ತುರಿಸಿಕೊಳ್ಳುತ್ತಿದ್ದ. ತಾನು ಹೆದರುತ್ತೇನೆಂಬುದನ್ನು ಅವನು ಈ ತನಕ ಯಾರಿಗೂ ತೋರಿಸಿರಲಿಲ್ಲ.

ಕತ್ತಿ ಕೈಯಿಂದ ಜಾರಿತು. ಕತ್ತು ಬಾಗಿಸಿದ್ದವನು ಮತ್ತೆ ಬುಟ್ಟಿ ಎತ್ತಿ ಮೂರು ಹೆಜ್ಜೆ ನಡೆದ. ನಾಲ್ಕನೆಯದಕ್ಕೆ ಬಿದ್ದ. ಏಳಲಿಲ್ಲ.

ಮಾಳಿಂಗ ಆ ಹೆಣ ಹೊತ್ತು ಗುಡಿಯ ಒಡೆಯರ ಬಳಿಗೆ ಹೋದ. ರಾಜ್ಯದಲ್ಲಿ ಹುಟ್ಟು ಸಾವಿನ ಕಾರ್ಯವೆಲ್ಲ ಅವರದೇ.

"ಇವಗ ಮಣ್ಣು ಕೊಡ್ರಿ, ಒಡೆಯರೇ."

"ಹೆಸರು?"

"ಮಾಳಿಂಗ."

"ನಿಂದು?"

"ಮಾಳಿಂಗ."

"ಆ ಹೆಸರಲೇ ಮಣ್ಣು ಕೊಟ್ರ ನಾಳೆ ನಿನ್ನ ತಿಥಿ ಮಾಡಬೇಕಾಕ್ಕೈತಿ, ಉಣ್ಣಾಕ ಬರ್ತೀಯೇನು?"

ಮಾಳಿಂಗ ನಗಲಿಲ್ಲ. "ಒಂದು ಮಾತು ಹೇಳ್ರಿ. ಇವನೊಳಗ ಆತ್ಮ ಇತ್ತೋ ಇಲ್ಲೋ? ಇವನ ಪಾಪ ಪುಣ್ಯ ನಂದೋ, ಇವಂದೋ?"

ಒಡೆಯರು ಕಣ್ಣುಜ್ಜಿಕೊಂಡರು. "ವಾರದಿಂದ ಇದನ್ನೇ ಹುಡುಕಾಕತ್ತೀನಿ. ದೇವರು ಮಾಡಿದವರ ಮಾತು ತಾಳೆಗರಿಯೊಳಗ ಐತಿ, ಕೂದಲಿಂದ ಮಾಡಿದವರ ಮಾತಿಲ್ಲ. ಕಡೀಕ ಒಂದು ದೀಪದಿಂದ ಇನ್ನೊಂದು ಹಚ್ಚಿ, ಎರಡನೇದು ಖರೇ ಬೆಂಕಿ ಹೌದೋ ಅಲ್ಲೋ ಅಂತ ಬೆರಳಿಟ್ಟು ನೋಡಿದೆ." ಬೆರಳು ತೋರಿಸಿದರು. ಬೊಬ್ಬೆ ಎದ್ದಿತ್ತು. "ಇವಂದು ಇವಂದೇ. ಆದರ ಹೆಸರಿಲ್ಲದವನನ್ನ ಭೂಮಿತಾಯಿ ಒಳಗ ಕರಕೊಳ್ಳೂದಿಲ್ಲ. ನಿಮ್ಮಲ್ಲಿ ಹೆಸರು ಇಡೋರು ಯಾರು?"

"ಸೋದರತ್ತಿ."

ಲಗಮವ್ವ ಬಂದಳು. ಹೆಣದ ಮುಖ ನೋಡಿದಳು, ಮಾಳಿಂಗನ ಮುಖ ನೋಡಿದಳು. "ನಮ್ಮ ಅಣ್ಣನ ಮೂಗು" ಎಂದು ಸೆರಗು ಕಣ್ಣಿಗೆ ಒತ್ತಿದಳು. ಆಮೇಲೆ ತೊಟ್ಟಿಲ ಕೂಸಿಗೆ ಬಾಗುವಂತೆ ಬಾಗಿ ಆ ತಣ್ಣಗಿನ ಕಿವಿಯಲ್ಲಿ ಅಂದಳು: "ಕುರ್ರ್... ಕುರ್ರ್... ಕುರ್ರ್... ಹಾಲಸಿದ್ದ."

ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಗುದ್ದುವುದು ಆ ಕಡೆಯ ವಾಡಿಕೆ. ಅಳುವ ಮುದುಕಿಗೆ ಗುದ್ದುವವರಾರು? ಮಾಳಿಂಗ ಮೆಲ್ಲಗೆ ತಟ್ಟಿದ.

"ಇದೇನು ಗುದ್ದೋ, ನೊಣ ಹೊಡಿಯೂದೋ? ಗುದ್ದಲಿಲ್ಲಂದ್ರ ಹೆಸರು ಕೂಡೂದಿಲ್ಲ!"

ಧಡ್ ಎಂದು ಗುದ್ದಿದ. ಗುದ್ದಿದ ಕೂಡಲೆ ಅವನ ಮೈಯಿಂದ ಒಂದು ಬುಟ್ಟಿಯಷ್ಟು ಭಾರ ಇಳಿಯಿತು. ಭೂಮಿ ಹಾಲಸಿದ್ದನನ್ನು ಒಳಗೆ ಕರೆದುಕೊಂಡಿತು.

"ಅತ್ತೀ," ಎಂದ ಮಾಳಿಂಗ, "ಇನ್ನೂ ತೊಂಬತ್ತೊಂಬತ್ತು ಮಂದಿ ಅದಾರ."

ಲಗಮವ್ವ ತನ್ನ ಬೆನ್ನು ಒಮ್ಮೆ ಸವರಿಕೊಂಡಳು. "ನಡಿ."

ಗುಡ್ಡದ ಬುಡದಲ್ಲಿ ಅವಳು ಕುಳಿತಳು. ಒಬ್ಬೊಬ್ಬನೂ ಬುಟ್ಟಿ ಇಳಿಸಿ ಕಿವಿ ಕೊಟ್ಟ. ಕುರ್ರ್, ಒಂದು ಹೆಸರು, ಒಂದು ಗುದ್ದು. ಕುರ್ರ್, ಒಂದು ಹೆಸರು, ಒಂದು ಗುದ್ದು. ಮೊದಲು ದೇವರ ಹೆಸರು ತೀರಿದವು, ಆಮೇಲೆ ಅಜ್ಜಂದಿರವು, ಆಮೇಲೆ ಕಾಳುಕಡಿಯವು.

"ಜೋಳಪ್ಪ ಅಂದ್ರ ನನಗ ಹೆಣ್ಣು ಯಾರು ಕೊಡ್ತಾರವ್ವಾ?" ಎಂದು ಒಬ್ಬ ತಗಾದೆ ತೆಗೆದ. ಪಕ್ಕದವನು ನಕ್ಕ. ಆ ಮುಖ ಮುನಿದಾಗ, ಈ ಮುಖ ನಕ್ಕಾಗ, ಎರಡೂ ಬೇರೆ ಬೇರೆ ಮುಖಗಳಾಗಿ ಕಂಡವು.

ಇಮ್ಮಡಯ್ಯ ಓಡಿ ಬಂದ. ಅವನ ಮಂತ್ರವಿದ್ದುದು ಒಂದೇ ಹೆಸರಿನಲ್ಲಿ. "ಮಾಳಿಂಗಾ! ಬುಟ್ಟಿ ಎತ್ತು!" ಎಂದು ಕಿರುಚಿದ. ತೊಂಬತ್ತೊಂಬತ್ತು ತಲೆಗಳಲ್ಲಿ ಒಂದೂ ಅತ್ತ ತಿರುಗಲಿಲ್ಲ. ಒಬ್ಬನೇ ಒಬ್ಬ ಮಾಳಿಂಗ ತಿರುಗಿದ.

"ಏನಯ್ಯಾ? ನಿನ್ನ ಬುಟ್ಟಿ ನೀ ಎತ್ತು."

ಗುಡ್ಡ ಸರಿಯದಿದ್ದರೆ ಅರಸ ತಲೆ ತೆಗೆಸುತ್ತಾನೆ. ಇಮ್ಮಡಯ್ಯ ತಾನೇ ಒಂದು ಬುಟ್ಟಿ ಹೊತ್ತ, ಎರಡು ಹೊತ್ತ. ಮೂರನೆಯದಕ್ಕೆ ಏಳು ಆಯುಷ್ಯದ ದಣಿವು ಒಟ್ಟಿಗೆ ಮೈಮೇಲೆ ಬಂತು. ಕುಳಿತ. ಕುಳಿತಲ್ಲೇ ಮಣ್ಣಾದ. ಗುಡ್ಡ ಅಷ್ಟರಮಟ್ಟಿಗೆ ಇನ್ನೂ ದೊಡ್ಡದಾಯಿತು. ಅರಸ ನೋಡಿ ನಿಟ್ಟುಸಿರು ಬಿಟ್ಟು, ಹಾಸಿಗೆಯನ್ನು ಅರಮನೆಯ ಮಾಳಿಗೆಯ ಮೇಲೆ ಹಾಕಿಸಿಕೊಂಡ. ಸೂರ್ಯ ಚೆನ್ನಾಗಿಯೇ ಕಂಡ.

ಹುಲಿಗಳಿಗೂ ಲಗಮವ್ವ ಹೆಸರಿಟ್ಟಳು. ಅವು ಹೆಸರು ಕೇಳಿಸಿಕೊಂಡು ನಿದ್ದೆ ಹೋದವು. ತೊಂಬತ್ತೊಂಬತ್ತು ಮಂದಿಯಲ್ಲಿ ಕೆಲವರು ಕುರಿ ಕಟ್ಟಿದರು, ಕೆಲವರು ಕಂಬಳಿ ನೇಯ್ದರು, ಜೋಳಪ್ಪನಿಗೆ ಎಲ್ಲರಿಗಿಂತ ಮೊದಲು ಹೆಣ್ಣು ಸಿಕ್ಕಿತು. ಎಲ್ಲರೂ ಸುಖವಾಗಿ ಬಾಳಿದರು, ದಣಿದರೆ ತಂತಮ್ಮ ದಣಿವನ್ನೇ ದಣಿದರು.

ಆದರೆ ಅದೆಲ್ಲ ಆಮೇಲಿನ ಮಾತು. ಅವತ್ತು ಲಗಮವ್ವ ಕಂಬಳಿಯ ಮೇಲೆ ಬೋರಲು ಬಿದ್ದಿದ್ದಳು. ಅಳಿಯಂದಿರು ಒಬ್ಬರಾದ ಮೇಲೊಬ್ಬರು ಅವಳ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರು. ಅವಳು ಕಣ್ಣು ತೆರೆಯದೆ ಕೈ ಗುರುತಿಸುತ್ತಿದ್ದಳು. "ಇದು ರಾಗಿಯಪ್ಪನ ಕೈ. ಇದು ಜೋಳಪ್ಪಂದು... ಇದು ಮಾಳಿಂಗ. ಮೆಲ್ಲಗೋ, ಹಡಬಿಟ್ಟೀ, ಅದು ಟಗರಲ್ಲ, ನಿಮ್ಮತ್ತಿ ಬೆನ್ನು."