ಬಸುರಿ ಬಯಸಿದ ಇಟ್ಟಿಗೆ

ಬಹಳ ಬಹಳ ಹಿಂದೆ, ಕಾವಿಪುರ ಎಂಬ ರಾಜ್ಯದ ಅಂಚಿನಲ್ಲಿ ಒಂದು ಇಟ್ಟಿಗೆ ಮನೆಯಿತ್ತು. ಕಟ್ಟಿಸಿದ ರಾಜ ಅದನ್ನು ಕುದುರೆ ಲಾಯ ಮಾಡಿದ. ಸವಾರ ಇಳಿಯದೆ ಒಳಗೆ ಹೋಗಲೆಂದು ಬಾಗಿಲು ಎತ್ತರಕ್ಕಿಟ್ಟ. ಅವನ ಮಗ ಅದನ್ನೇ ಕಣಜ ಮಾಡಿ, ಇಲಿಗಳಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿಸಿದ. ಮೊಮ್ಮಗಳು ಪಟ್ಟಕ್ಕೆ ಬಂದು ಹೆರಿಗೆ ಮನೆ ಮಾಡಿದಳು. ತೊಲೆಗಳಿಗೆ ತೊಟ್ಟಿಲ ಕೊಂಡಿ ಹಾಕಿಸಿದಳು. ಮನೆ ಯಾರಿಗೂ ಒಲ್ಲೆ ಎನ್ನಲಿಲ್ಲ.

ಆಮೇಲೆ ಬಂದವನು ಮಸಿಜಟ ಎಂಬ ಮಾಂತ್ರಿಕ. ಎಲ್ಲರನ್ನೂ ಓಡಿಸಿ ಬಾಗಿಲಲ್ಲಿ ಕೂತ. ಬಂದವರನ್ನೆಲ್ಲ, "ಇದು ಯಾರ ಮನೆ?" ಎಂದು ಕೇಳುವನು. "ನಿನ್ನದೇ" ಎಂದವರು ಬಂದ ದಾರಿ ಹಿಡಿಯಬೇಕು. ತಪ್ಪು ಹೇಳಿದವರು ಯಾರೇ ಆಗಲಿ ಇಟ್ಟಿಗೆಯಾಗಬೇಕು, ಗೋಡೆ ಸೇರಬೇಕು, ಅದು ಅವನ ಮಾಯೆ. ಉಪ್ಪು ಮಾರುವ ಬಂಕಣ್ಣ ಬಿಸಿಲಿಗೆ ಬಳಲಿ ಬಂದವನು, "ನೆರಳು ಬೇಕಾದವರದು" ಎಂದ. ಅವನೂ ಇಟ್ಟಿಗೆಯಾದ.

ಅವನ ಹೆಂಡತಿ ಮಾಳವ್ವ ತುಂಬಿದ ಬಸುರಿ. ಗಂಡ ಇಟ್ಟಿಗೆಯಾದ ಸುದ್ದಿ ಕೇಳಿ ಅವನನ್ನು ಹುಡುಕಿಕೊಂಡು ಬಂದಳು.

"ಯಾರ ಮನೆ ಇದು?" ಎಂದ ಮಸಿಜಟ.

"ಹೇಳ್ತೀನಿ ಅಣ್ಣ. ಬಸುರಿ ನಾನು, ಮೊದಲು ನನ್ನ ಬಯಕೆ ತೀರಿಸು."

ಮಾಂತ್ರಿಕ ಸಿಕ್ಕಿಬಿದ್ದ. ಅಣ್ಣ ಎಂದ ಬಸುರಿಗೆ ಇಲ್ಲ ಎಂದರೆ ಕಲಿತ ಮಂತ್ರವೆಲ್ಲ ಮರೆತುಹೋಗುತ್ತದೆ.

ಅವಳನ್ನು ಒಳಗೆ ಬಿಟ್ಟ. ಹಿಂದೆ ಲಾಯವಿದ್ದ ಅಂಕಣದಲ್ಲಿ ಅವಳು ಹುರಿದ ಹುರುಳಿ ಕೇಳಿದಳು. ಕೊಟ್ಟ. ಮೆಲ್ಲುತ್ತ ಗೋಡೆ ಮೂಸಿದಳು. ಬರೀ ಕುದುರೆ ವಾಸನೆ. ಕಣಜವಿದ್ದ ಕಡೆ ಹಿಡಿ ಅಕ್ಕಿ ಕೇಳಿದಳು. ಅದನ್ನೂ ಕೊಟ್ಟ. ಅಲ್ಲಿ ಹಳೆಯ ಭತ್ತದ ವಾಸನೆ. ಎಷ್ಟು ಜನರನ್ನು ಸಾಕಿದ ಮನೆ ಇದು, ಈಗ ಒಬ್ಬನಿಗೆ ಬಾಗಿಲು ಕಾಯುತ್ತಿದೆಯಲ್ಲ ಎಂದು ಅವಳಿಗೆ ಸಂಕಟವಾಯಿತು.

ತೊಟ್ಟಿಲ ಕೊಂಡಿಗಳ ಕೆಳಗೆ ನಿಂತು, "ಇಟ್ಟಿಗೆ ಚೂರು ಕಡೀಬೇಕು ಅನ್ನಿಸ್ತಿದೆ ಅಣ್ಣ" ಎಂದಳು.

ಮಸಿಜಟ ನಕ್ಕುಬಿಟ್ಟ. ಬಸುರಿಯರು ಮಣ್ಣು ತಿನ್ನುವುದು ಯಾರಿಗೆ ಗೊತ್ತಿಲ್ಲ? "ಬೇಕಾದ್ದು ತಗೋ ತಂಗಿ. ಕೊಟ್ಟೆ."

ಬಸುರಿಯ ಮೂಗು ಬಲು ಚುರುಕು. ಒಂದು ಇಟ್ಟಿಗೆಯ ಮೇಲೆ ಬೆಳ್ಳಗೆ ಉಪ್ಪು ಹತ್ತಿತ್ತು. ಮಾಳವ್ವ ಅದಕ್ಕೆ ನಾಲಿಗೆ ತಾಗಿಸಿದಳು. ಗಂಡನ ಬೆವರು. ಅಳು ತಡೆಯಲಾಗದೆ ಎಳೆದುಕೊಂಡಳು. ಕೊಟ್ಟುಬಿಟ್ಟದ್ದರ ಮೇಲೆ ಅವನ ಮಾಯೆ ನಡೆಯದು; ಮಡಿಲಿಗೆ ಬಿದ್ದ ಇಟ್ಟಿಗೆ ಬಂಕಣ್ಣನಾಯಿತು.

"ಕಚ್ಚಬೇಡ ಮಾರಾಯ್ತಿ, ನಾನೇ" ಎಂದ.

ಮಸಿಜಟ ಕೆಂಡವಾದ. "ಈಗ ಹೇಳು, ಯಾರ ಮನೆ?"

"ನೀನೇ ಹೇಳಿಬಿಡಣ್ಣ" ಎಂದಳು.

"ನನ್ನದು. ಪೂರ್ತಿ ನನ್ನದು."

ಒಂದು ಇಟ್ಟಿಗೆಯನ್ನು ತಾನೇ ಬಾಯಾರೆ ಕೊಟ್ಟಿದ್ದು ಅವನಿಗೆ ನೆನಪಾಗಲಿಲ್ಲ. ತಪ್ಪು ಹೇಳಿದ, ಕರಿ ಇಟ್ಟಿಗೆಯಾಗಿ ಹೊಸ್ತಿಲ ಮುಂದೆ ಬಿದ್ದ. ಮಾಯೆ ಹರಿದು, ಗೋಡೆಯಲ್ಲಿದ್ದವರೆಲ್ಲ ಮೈ ಕೊಡವಿಕೊಂಡು ಹೊರಬಂದರು.

ಗೋಡೆಯ ತುಂಬ ಕಿಂಡಿ. ಮುಚ್ಚಲು ಬಂದ ಗಾರೆಯವರನ್ನು ಮಾಳವ್ವ ತಡೆದಳು. "ಇರಲಿ ಬಿಡಿ, ಮಗೂಗೆ ಗಾಳಿ ಬೇಕು" ಎಂದಳು. ಆ ಮಗುವಿನ ತೊಟ್ಟಿಲು ಅದೇ ಕೊಂಡಿಗೆ ತೂಗಿತು.

ಆ ಮನೆ ಆಮೇಲೆ ಮಠವಾಯಿತು, ಛತ್ರವಾಯಿತು, ಈಗ ಮಗ್ಗದ ಮನೆಯಂತೆ. ಬೇಕಾದವರೆಲ್ಲ ಅಲ್ಲಿ ಸುಖವಾಗಿದ್ದಾರೆ. ನೀವೂ ಆ ಕಡೆ ಹೋದರೆ ಒಳಗೆ ಹೋಗಿ, ಯಾರೂ ಏನೂ ಕೇಳುವುದಿಲ್ಲ. ಹೊಸ್ತಿಲ ಮುಂದಿನ ಕರಿ ಇಟ್ಟಿಗೆಗೆ ಕಾಲು ಒರೆಸಿಕೊಂಡರೆ ಸಾಕು.